ಬೈರಕುಪ್ಪೆ ಕಡೆ ಮಗುವಿಗೆ ಜ್ವರ ಬಂದರೆ

ಬೈರಕುಪ್ಪೆ ಕಡೆಯ ನಮ್ಮ ಶಾಲೆಗೆ ಮಗಳನ್ನು ಸೇರಿಸುವ ಮುಂಚೆ, ಅವಳಿಗೆ ಹುಷಾರು ತಪ್ಪಿದರೆ ಏನು ಗತಿ ಅಂತ ಕೇಳಿದಿರಿ. ಶಾಲೆಯಲ್ಲಿ ನರ್ಸ್ ಇರುವುದಿಲ್ಲ ಅಕ್ಕ. ಬೆಂಗಳೂರಿನ ದೊಡ್ಡ ಶಾಲೆಗಳ ಹಾಗೆ ಮಂಚ ಹಾಕಿದ ಕೋಣೆಯೂ ಇಲ್ಲ. ಇಲ್ಲಿರುವುದು ಒಂದು ಪ್ರಥಮ ಚಿಕಿತ್ಸೆ ಡಬ್ಬಿ, ಮೇಷ್ಟ್ರು, ಮಿಸ್ಸು, ಮತ್ತೆ ಊರಿನ ಆಶಾ ಕಾರ್ಯಕರ್ತೆ. ಹಾಗಂತ ಗಾಬರಿ ಆಗಬೇಡಿ, ಮಗಳನ್ನು ಧೈರ್ಯವಾಗಿ ಮೂರನೇ ಕ್ಲಾಸಿಗೆ ಸೇರಿಸಿ. ಹುಷಾರು ತಪ್ಪಿದಾಗಿನ ನಿಯಮ ಕೇಳಿದ್ದೀರಿ, ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ದಾರಿ ಹೇಗಿದೆ ಅಂತ ತಿಳಿದುಕೊಳ್ಳಿ.

ಮೈಸೂರಿನಿಂದ ಎಚ್.ಡಿ. ಕೋಟೆಗೆ ಸುಮಾರು 50 ಕಿಲೋಮೀಟರ್. ಕೋಟೆ ದಾಟಿದರೆ ಅಂತರಸಂತೆ, ಅಲ್ಲಿಂದ ಮುಂದೆ ನಾಗರಹೊಳೆ ಕಾಡು. ಆ ಕಾಡಿನ ಆಚೆ ಬದಿಗೆ ನಾವು. ಒಂದು ಕಡೆ ಬಾವಲಿ ಅನ್ನುವ ಊರಿನ ಚೆಕ್‌ಪೋಸ್ಟ್, ಇನ್ನೊಂದು ಕಡೆ ಕಬಿನಿ ಹೊಳೆ. ಹೊಳೆಯ ಆ ದಡ ಕೇರಳ. ಕಾಡಿನ ಗೇಟ್ ಸಂಜೆ 6ಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ತುರ್ತಿಗೆ ಬಿಡುತ್ತಾರೆ. ಆದರೆ ಆ ಹೊತ್ತಲ್ಲಿ ಗಾಡಿ ಸಿಗಬೇಕು, ದಾರಿಯಲ್ಲಿ ಆನೆ ನಿಂತಿರಬಾರದು. ಅದಕ್ಕೇ "ರಾತ್ರಿ ನೋಡೋಣ" ಅನ್ನುವ ಮಾತು ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ. ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವುದಾ, ಆಸ್ಪತ್ರೆಗೆ ಹೊರಡುವುದಾ ಅನ್ನುವುದು ಮಧ್ಯಾಹ್ನ 3 ಗಂಟೆ ಒಳಗೆ ತೀರ್ಮಾನ ಆಗಿಬಿಡಬೇಕು.

ಶಾಲೆಗೆ ಕಳಿಸುವ ವಿಚಾರವೂ ಅಷ್ಟೇ. ಬೆಳಿಗ್ಗೆ ಮೈ ಬಿಸಿ ಇರುತ್ತದೆ, ಒಂದು ಪ್ಯಾರಸಿಟಮಾಲ್ ಕೊಟ್ಟು ಕಳಿಸೋಣ ಅನಿಸುತ್ತದೆ. ಕಳಿಸಬೇಡಿ. ಮಧ್ಯಾಹ್ನಕ್ಕೆ ಮಾತ್ರೆಯ ಬಲ ಇಳಿಯುತ್ತದೆ, ಜ್ವರ ಮತ್ತೆ ಏರುತ್ತದೆ. ಮೇಷ್ಟ್ರು ಫೋನ್ ಮಾಡಿ, ನೀವು ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಆಮೇಲೆ ಕಳಿಸಿ. ವಾಂತಿ ಬೇಧಿ ಆದರೆ, ನಿಂತ ಮೇಲೂ ಎರಡು ದಿನ ಮನೆಯಲ್ಲಿರಲಿ. ಓಆರ್‌ಎಸ್ ಪೊಟ್ಟಣ ಆಶಾ ಹತ್ತಿರ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿದರೆ ಅಳತೆ ತಪ್ಪುತ್ತದೆ.

ಅಮ್ಮ ಆದಾಗಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಸೀತಾಳೆ ಸಿಡುಬಿಗೆ ಇಲ್ಲಿ ಹಾಗೇ ಹೇಳುವುದು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಮೊಸರನ್ನ ಕೊಡುತ್ತಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹೊಸಬರಿಗೆ ಇದು ಬರೀ ಮೂಢನಂಬಿಕೆ ಥರ ಕಾಣಬಹುದು. ನನಗೆ ಹಾಗನಿಸುವುದಿಲ್ಲ. ಬಾಗಿಲಲ್ಲಿ ಬೇವು ಕಂಡರೆ ಊರೇ ದೂರ ಇರುತ್ತದೆ, ಡಾಕ್ಟರ್ ಹೇಳುವುದೂ ಅದನ್ನೇ ಅಲ್ವಾ? ತೊಂದರೆ ಬರುವುದು ಎರಡು ಕಡೆ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮುಂಚೆಯೇ ಅದು ಹರಡಲು ಶುರುವಾಗಿರುತ್ತದೆ. ಮತ್ತೆ, ಅಮ್ಮನಿಗೆ ಔಷಧಿ ಕೊಡಬಾರದು ಅಂತ ಕೆಲವರು ಆಸ್ಪತ್ರೆ ಕಡೆ ತಲೆಯನ್ನೇ ಹಾಕುವುದಿಲ್ಲ.

ನನ್ನ ಮಗನಿಗೆ ಹೊಟ್ಟೆ ಮೇಲೆ ಮೂರು ಗುಳ್ಳೆ ಕಂಡಿದ್ದವು. ಸೊಳ್ಳೆ ಕಡಿದಿರಬೇಕು ಅಂತ ಶಾಲೆಗೆ ಕಳಿಸಿಬಿಟ್ಟೆ. ಎರಡು ವಾರ ಕಳೆದ ಮೇಲೆ ಅವನ ಪಕ್ಕ ಕೂರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಮಲಗಿದರು. ಅವರಲ್ಲೊಬ್ಬಳ ತಾಯಿ ಏಳು ತಿಂಗಳ ಬಸುರಿ. ಬಸುರಿಯರಿಗೆ ಇದು ಅಪಾಯ ಅಂತ ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದ ದಿನದಿಂದ ನನಗೆ ನಿದ್ದೆ ಇಲ್ಲ. ಸದ್ಯ, ಆಕೆಗೆ ಏನೂ ಆಗಲಿಲ್ಲ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಕಳಿಸಬೇಡಿ ಅಕ್ಕ. ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ.

ದಡಾರಕ್ಕೆ ದದ್ದು ಎದ್ದ ಮೇಲೆ 4 ದಿನ, ಕೆಪ್ಪಟರಾಯನಿಗೆ ಕೆನ್ನೆ ಊದಿದ ಮೇಲೆ 5 ದಿನ ಮನೆಯಲ್ಲಿರಬೇಕು. ಕಜ್ಜಿಗೆ ಮುಲಾಮು ಹಚ್ಚಿದ ಮರುದಿನ ಕಳಿಸಬಹುದು, ಆದರೆ ಮನೆಯವರೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು. ಹೇನಿಗೆ ಮಾತ್ರ ಮಗುವನ್ನು ಮನೆಗೆ ಕಳಿಸುವುದು ನನಗೆ ಒಪ್ಪಿಗೆ ಇಲ್ಲ. ಅದಕ್ಕೋಸ್ಕರ ಪಾಠ ತಪ್ಪಬಾರದು.

ಶಾಲೆಗೇ ಬರುವ ಸೇವೆಗಳೂ ಇವೆ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ಡಾಕ್ಟರ್ ತಂಡ ವರ್ಷಕ್ಕೊಮ್ಮೆ ಬಂದು ಕಣ್ಣು, ಹಲ್ಲು, ಕಿವಿ, ಎದೆ ಬಡಿತ ನೋಡುತ್ತದೆ. ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಜಂತುಹುಳದ ಮಾತ್ರೆ, ಅಗಿದು ತಿನ್ನಬೇಕು. ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ. ಚಿಕ್ಕವರಿಗೆ ಗುಲಾಬಿ ಬಣ್ಣದ್ದು, 10 ದಾಟಿದವರಿಗೆ ನೀಲಿ. ಬಿಸಿಯೂಟ ಆದ ಮೇಲೆ ಕೊಡುತ್ತಾರೆ. ಕಕ್ಕಸು ಕಪ್ಪಗಾದರೆ ಹೆದರಬೇಡಿ. ಆ ದಿನ ಮಗಳಿಗೆ ಹುಷಾರಿಲ್ಲದಿದ್ದರೆ ಮಿಸ್ಸಿಗೆ ಹೇಳಿಬಿಡಿ.

ನನಗೆ ಸಂಕಟ ಆಗುವುದು ಹಾಡಿಯ, ಅಂದರೆ ಕಾಡಂಚಿನ ಆದಿವಾಸಿ ಕೇರಿಯ, ಮಕ್ಕಳ ವಿಚಾರದಲ್ಲಿ. ಕಾಫಿ ಕುಯ್ಲು ಬಂತೆಂದರೆ ಅಪ್ಪ ಅಮ್ಮ ಕೊಡಗಿಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ತಂಡ ಬಂದ ದಿನ ಆ ಮಗು ಶಾಲೆಯಲ್ಲಿ ಇರುವುದಿಲ್ಲ. ಜೇನುಕುರುಬರಂಥ ಸಮುದಾಯಗಳಲ್ಲಿ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇದೆ, ತಂದೆ ತಾಯಿಯಿಂದ ಬರುವಂಥದ್ದು. 2023ರಿಂದ ಕೇಂದ್ರ ಸರ್ಕಾರ ಇದರ ತಪಾಸಣೆಯನ್ನು ದೊಡ್ಡದಾಗಿ ಮಾಡಿಸುತ್ತಿದೆ. ಆ ಕಾಯಿಲೆ ಇರುವ ಮಗುವಿಗೆ ನೀರು ಜಾಸ್ತಿ ಬೇಕು, ಚಳಿ ಆಗಬಾರದು. ಜ್ವರ ಬಂದರೆ ಮಧ್ಯಾಹ್ನ ಮೂರರ ಲೆಕ್ಕವೂ ಇಲ್ಲ, ಆಗಲೇ ಹೊರಡಬೇಕು. ಇದು ಅಂಟುವ ಕಾಯಿಲೆಯಲ್ಲ. ಮಗಳಿಗೂ ಹೇಳಿ, ಅವರ ಜೊತೆ ಕೂತು ಉಣ್ಣಲಿ.

ಗಡಿ ಅಂದಮೇಲೆ ಇನ್ನೊಂದು. 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದಾಗ ಮೈಸೂರು ಸೇರಿ ಗಡಿ ಜಿಲ್ಲೆಗಳಲ್ಲಿ ಜ್ವರದ ಮೇಲೆ ಕಣ್ಣಿಡಲು ಆದೇಶ ಬಂತು. ಆಗಿನಿಂದ ನಾವು ಮಕ್ಕಳಿಗೆ, ಬಾವಲಿ ಕಚ್ಚಿ ಬೀಳಿಸಿದ ಸೀಬೆ, ಮಾವು ಮುಟ್ಟಬೇಡಿ ಅಂತ ಹೇಳುತ್ತಲೇ ಇರುತ್ತೇವೆ.

ಬರುವಾಗ ಮಗಳ ಲಸಿಕೆ ಬರೆದಿರುವ ತಾಯಿ ಕಾರ್ಡ್ ತನ್ನಿ. ಯಾವ ಲಸಿಕೆ ಆಗಿದೆ, 10 ವರ್ಷಕ್ಕೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಯಾವಾಗ ಅಂತ ಸಿಸ್ಟರ್ ಅದನ್ನು ನೋಡಿಯೇ ಬರೆದುಕೊಳ್ಳುವುದು. ನಿಮ್ಮದಲ್ಲದೆ ಇನ್ನೊಬ್ಬರ ನಂಬರನ್ನೂ ಮೇಷ್ಟ್ರ ಹತ್ತಿರ ಬರೆಸಿ, ಇಲ್ಲಿ ನೆಟ್‌ವರ್ಕ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸದ್ಯಕ್ಕೆ ಯಾರೂ ಗೊತ್ತಿಲ್ಲ ಅಂದರೆ ನನ್ನದೇ ಬರೆಸಿ.