ಆಫ್ರಿಕಾದ ಮಕ್ಕಳಿಗೆ ಕೊರೊನಾ ಬರಲೇ ಇಲ್ವಾ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಇಡೀ ದಿನ ತೋಟದ ಮಣ್ಣಲ್ಲೇ ಇರುತ್ತಾನೆ. ಆಫ್ರಿಕಾದ ಮಕ್ಕಳು ಹೀಗೇ ಮಣ್ಣಲ್ಲಿ ಬೆಳೆಯೋದರಿಂದ ಅವರಿಗೆ ಕೊರೊನಾ ತಟ್ಟಲೇ ಇಲ್ಲ, ಇವನಿಗೂ ಇನ್ನು ಚುಚ್ಚುಮದ್ದು ಬೇಡ ಅಂತ ನಮ್ಮ ಭಾವ ವಾಟ್ಸಾಪ್ ನೋಡಿ ಹೇಳುತ್ತಾರೆ. ಹೌದಾ ಡಾಕ್ಟ್ರೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಟ್ಟಿತಮ್ಮಾ, ಚೆನ್ನಾಗೇ ತಟ್ಟಿತು. ಲೆಕ್ಕಕ್ಕೆ ಸಿಗಲಿಲ್ಲ ಅಷ್ಟೇ.

ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದ ಪರೀಕ್ಷೆ ಆಗ ಸೋಂಕು ಇದ್ದರೆ ಮಾತ್ರ ಹೇಳುತ್ತದೆ. ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ ವಿರುದ್ಧ ಹೋರಾಡೋಕೆ ದೇಹ ತಯಾರಿಸೋ ವಸ್ತು, ಹುಡುಕಿದರೆ ಹಿಂದೆ ಯಾವಾಗಲೋ ಬಂದು ಹೋಗಿದ್ದೂ ಗೊತ್ತಾಗುತ್ತದೆ. ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲಿ ಹೀಗೆ ರಕ್ತ ನೋಡಿದ ಅಧ್ಯಯನಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಒಟ್ಟು ಹಾಕಿ 2022ರಲ್ಲಿ ಲೆಕ್ಕ ಕೊಟ್ಟಿತು. 2020ರ ಜೂನ್‌ನಲ್ಲಿ ನೂರಕ್ಕೆ 3 ಜನರಲ್ಲಿದ್ದ ಪ್ರತಿಕಾಯ 2021ರ ಸೆಪ್ಟೆಂಬರ್ ಹೊತ್ತಿಗೆ 65 ಜನರಲ್ಲಿತ್ತು. ವರದಿಯಾದ ಒಂದೊಂದು ಕೇಸಿನ ಹಿಂದೆ ಸುಮಾರು 97 ಸೋಂಕು ಇದ್ದಿರಬೇಕು ಅಂತ ಅವರ ಅಂದಾಜು. ಅಷ್ಟು ಹೊತ್ತಿಗೆ ಅಲ್ಲಿ ಲಸಿಕೆ ಸಿಕ್ಕಿದ್ದೇ ಕಡಿಮೆ ಜನಕ್ಕೆ. ಅಂದರೆ ಈ ಪ್ರತಿಕಾಯ ಬಹುಪಾಲು ಸೋಂಕಿನಿಂದಲೇ ಬಂದದ್ದು.

ಹಾಗಾದರೆ ಮಕ್ಕಳು ಹಾಸಿಗೆ ಹಿಡಿಯಲಿಲ್ಲ ಯಾಕೆ? ಇದು ಆಫ್ರಿಕಾದ ವಿಷಯ ಮಾತ್ರ ಅಲ್ಲ, ಶಿವಮೊಗ್ಗದಲ್ಲೂ ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನ ಜ್ವರ ಬಂದು ಹೋಯಿತು, ಕೆಲವರಿಗೆ ಅದೂ ಇಲ್ಲ. ಮಕ್ಕಳ ಮೂಗಿನ ಒಳಪದರ ವೈರಸ್ ಕಂಡ ಕೂಡಲೇ ದೊಡ್ಡವರಿಗಿಂತ ಬೇಗ ಎಚ್ಚೆತ್ತು ವೈರಸ್ ಬೆಳೆಯದಂತೆ ತಡೆಯೋ ಇಂಟರ್‌ಫೆರಾನ್ ಅನ್ನೋ ವಸ್ತು ಬಿಡುತ್ತದೆ. ವೈರಸ್ ಶ್ವಾಸಕೋಶಕ್ಕೆ ಇಳಿಯೋ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಇನ್ನೊಂದು, ಕೊರೊನಾ ಕುಟುಂಬದಲ್ಲಿ ಸಾದಾ ನೆಗಡಿ ತರುವ ನಾಲ್ಕು ವೈರಸ್ ಮೊದಲಿಂದಲೂ ಇವೆ. ನಮ್ಮ ಅಂಗನವಾಡಿಗಳನ್ನು ಜೂನ್‌ನಲ್ಲಿ ನೋಡಿ: ಹೊರಗೆ ಜಡಿಮಳೆ, ಕಿಟಕಿ ಎಲ್ಲ ಮುಚ್ಚಿದೆ, ಒಂದು ಮಗು ಮೂಗು ಒರೆಸಿದ ಕೈಯಲ್ಲೇ ಪಕ್ಕದ ಮಗುವಿನ ಬಳಪ ಕಿತ್ತುಕೊಳ್ಳುತ್ತದೆ, ವಾರದೊಳಗೆ ಎಲ್ಲರಿಗೂ ಸೊರಸೊರ. ಇಂಥ ನೆಗಡಿ ಬಂದವರ ರಕ್ತದಲ್ಲಿ ಹೊಸ ಕೊರೊನಾವನ್ನೂ ಸ್ವಲ್ಪ ಗುರುತಿಸುವ ಪ್ರತಿಕಾಯ ಇರುವುದುಂಟು. 2020ಕ್ಕೆ ಮೊದಲೇ ತೆಗೆದಿಟ್ಟ ಆಫ್ರಿಕಾದ ರಕ್ತದ ಮಾದರಿಗಳಲ್ಲೂ ಅದು ಕಂಡಿತ್ತು. ಆದರೆ ಅದರಿಂದ ರಕ್ಷಣೆ ಎಷ್ಟು ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ.

ಆಫ್ರಿಕಾದ ಅರ್ಧದಷ್ಟು ಜನ ಇಪ್ಪತ್ತು ವರ್ಷದೊಳಗಿನವರು. ಮುದುಕರು ಕಡಿಮೆ, ಸಾವೂ ಕಡಿಮೆ ಕಂಡಿತು. ಪರೀಕ್ಷೆಯೇ ಇಲ್ಲದ ಕಡೆ ಸಾವು ಕಾಣೋದಾದರೂ ಹೇಗೆ ಅನ್ನಿ. ಜಾಂಬಿಯಾದ ಲುಸಾಕಾದಲ್ಲಿ 2020ರಲ್ಲಿ ಶವಾಗಾರಕ್ಕೆ ಬಂದ ದೇಹಗಳನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 15ರಿಂದ 20ರಲ್ಲಿ ವೈರಸ್ ಸಿಕ್ಕಿತು. ಅವರಲ್ಲಿ ಹೆಚ್ಚಿನವರಿಗೆ ಬದುಕಿದ್ದಾಗ ಟೆಸ್ಟೇ ಆಗಿರಲಿಲ್ಲ. ಆ ಪಟ್ಟಿಯಲ್ಲಿ ಮಕ್ಕಳೂ ಇದ್ದರು.

ನಿಮ್ಮ ಭಾವನಿಗೆ ಮುಖ್ಯವಾಗಿ ಹೇಳಬೇಕಾದ್ದು ಇದು. ಕಾಂಗೊ, ಘಾನಾ, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಉಗಾಂಡಾ, ಈ ಆರು ದೇಶಗಳಲ್ಲಿ 2020ರಲ್ಲಿ ಕೊರೊನಾದಿಂದ ಆಸ್ಪತ್ರೆ ಸೇರಿದ 469 ಮಕ್ಕಳ ಲೆಕ್ಕ ಇದೆ. ಅವರಲ್ಲಿ 39 ಮಕ್ಕಳು ತೀರಿಕೊಂಡರು. ನೂರಕ್ಕೆ ಎಂಟಕ್ಕಿಂತ ಜಾಸ್ತಿ ಆಯ್ತು, ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಕಂಡಿದ್ದಕ್ಕಿಂತ ಎಷ್ಟೋ ಹೆಚ್ಚು. ವರ್ಷ ತುಂಬದ ಕೂಸುಗಳಿಗೆ, ಮೊದಲೇ ಬೇರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ಮಣ್ಣು ಅವರನ್ನು ಕಾಯಲಿಲ್ಲ.

ಮಣ್ಣಲ್ಲಿ ಆಡೋದು ಒಳ್ಳೇದೇ, ಆಡಲಿ. ಆದರೆ ರೋಗನಿರೋಧಕ ಶಕ್ತಿ ಅಂದರೆ ಎಲ್ಲ ಕಾಯಿಲೆಗೂ ಒಂದೇ ಔಷಧಿ ಅಲ್ಲ. ಕಾಡಂಚಲ್ಲೇ ಹುಟ್ಟಿ ಬೆಳೆದು ದಿನಾ ದರಗು ಗುಡಿಸಿದವರಿಗೇ ಅಲ್ವಾ ಉಣುಗು ಕಚ್ಚಿ ಮಂಗನ ಕಾಯಿಲೆ ಬರೋದು? 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಅದು ಮೊದಲು ಸಿಕ್ಕಾಗಲೂ ಬಿದ್ದವರು ಪೇಟೆಯವರಲ್ಲ. ಮಗನಿಗೆ ಐದು ತುಂಬಿದ ಮೇಲೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಡಿಪಿಟಿ ಬೂಸ್ಟರ್ ಹಾಕಿಸಿ. ತಾಯಿ ಕಾರ್ಡಲ್ಲಿ ದಡಾರದ ಎರಡೂ ಡೋಸ್ ಆಗಿದೆಯಾ ಅಂತ ಆಶಾ ಕಾರ್ಯಕರ್ತೆ ಹತ್ತಿರ ತೋರಿಸಿ ನೋಡಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ 2021ರಲ್ಲಿ ಕೊರೊನಾ ಬಂದಿತ್ತು. ಆ ಶಕ್ತಿ ಈಗಲೂ ಇದೆಯಾ? ಪ್ರತಿಕಾಯದ ಪರೀಕ್ಷೆ ಮಾಡಿಸಲಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸುಮ್ನೆ ದುಡ್ಡು ಖರ್ಚು, ಬೇಡ. ಪ್ರತಿಕಾಯ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಆದರೆ ವೈರಸ್ಸನ್ನು ನೆನಪಿಟ್ಟುಕೊಂಡ ಜೀವಕೋಶಗಳು ಉಳಿಯುತ್ತವೆ. ಅದಕ್ಕೇ ಮತ್ತೆ ಸೋಂಕು ಬಂದರೂ ಸಾಮಾನ್ಯವಾಗಿ ಜೋರಾಗೋದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್-ಜುಲೈಯಲ್ಲಿ ದೇಶದಾದ್ಯಂತ ರಕ್ತ ನೋಡಿದಾಗ 6ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 57, 10ರಿಂದ 17ರವರಲ್ಲಿ ಸುಮಾರು 62 ಮಕ್ಕಳಿಗೆ ಪ್ರತಿಕಾಯ ಇತ್ತು, ಅದೂ ಮಕ್ಕಳ ಲಸಿಕೆ ಇನ್ನೂ ಶುರುವಾಗದ ಕಾಲದಲ್ಲಿ. ನಿಮ್ಮ ಮಗಳ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಮನೆಯವರಿಗೇ ಗೊತ್ತಾಗದೆ ಬಂದು ಹೋಗಿರಬಹುದು.

ಪ್ರಶ್ನೆ: ಹುಟ್ಟಿದಾಗ ತೋಳಿಗೆ ಹಾಕುವ ಬಿಸಿಜಿ ಕೊರೊನಾ ತಡೆಯುತ್ತದಂತೆ, ಆಫ್ರಿಕಾ ಉಳಿದದ್ದು ಅದರಿಂದಲೇ ಅಂತೆ?
– ಓದುಗರೊಬ್ಬರು, ಸಾಗರ

ಉತ್ತರ: 2020ರಲ್ಲಿ ಹಾಗೊಂದು ಆಸೆ ಇತ್ತು. ಆಮೇಲೆ ಐದು ದೇಶಗಳ ಸುಮಾರು 4 ಸಾವಿರ ಆರೋಗ್ಯ ಸಿಬ್ಬಂದಿಯ ಮೇಲೆ ಪ್ರಯೋಗ ಮಾಡಿ ನೋಡಿದರು, ಕೊರೊನಾಗೆ ಉಪಯೋಗ ಕಾಣಲಿಲ್ಲ. ಭಾರತದಲ್ಲೂ ಬಿಸಿಜಿ ಎಲ್ಲರಿಗೂ ಹಾಕುತ್ತಾರೆ, ಎರಡನೇ ಅಲೆ ನೋಡಿದ್ದೀರಲ್ಲ. ಕೂಸುಗಳಿಗೆ ಮಿದುಳಿನ ಕ್ಷಯದಂಥ ಜೋರಾದ ಟಿಬಿ ಬಾರದಿರಲಿ ಅಂತ ಅದನ್ನು ಕೊಡೋದು, ಆ ಕೆಲಸ ಚೆನ್ನಾಗಿ ಮಾಡುತ್ತದೆ.