ಸೈಟು ನೋಡಲು ಕಕ್ಕಡದಲ್ಲಿ ಹೋಗಿ

ಓದುಗರ ಪತ್ರದ ಸಾರ: "ನಾನು ಕುಶಾಲನಗರದ ನಿವೃತ್ತ ಶಿಕ್ಷಕಿ. ನಮ್ಮ ಮನೆ ಎದುರಿನ ಗದ್ದೆ ಲೇಔಟ್ ಆಗಿ ಒಂಬತ್ತು ವರ್ಷ ಆಯ್ತು. 16 ಸೈಟುಗಳಲ್ಲಿ ಮನೆ ಎದ್ದಿರುವುದು ಐದರಲ್ಲಿ ಮಾತ್ರ. ಉಳಿದವರ ಮುಖವನ್ನೇ ನೋಡಿಲ್ಲ. ಮೊದಲು ಕಕ್ಕಡ (ಜೋರು ಮಳೆಯ ಕೊಡವ ತಿಂಗಳು) 18 ಬಂದರೆ ಆ ಗದ್ದೆಯ ಬೇಲಿಯಂಚಿನಿಂದಲೇ ಎಲ್ಲರ ಮನೆಗೂ ಆ ದಿನ ಅಡುಗೆಗೆ ಬಳಸುವ ಔಷಧಿ ಗಿಡ, ಮದ್ದು ಸೊಪ್ಪು, ಬರುತ್ತಿತ್ತು. ಈಗ ಅಲ್ಲಿಂದ ಹಾವು ಬರುತ್ತೆ. ಯಜಮಾನರ ನಿವೃತ್ತಿ ಹಣ 25 ಲಕ್ಷ ಬ್ಯಾಂಕಿನಲ್ಲಿದೆ. ಹೊಳೆ ಕಡೆಯ ಹೊಸ ಲೇಔಟ್‌ನಲ್ಲಿ ಒಂದು ಸೈಟು ತೆಗೆದಿಡಿ, ಐದು ವರ್ಷಕ್ಕೆ ಡಬಲ್ ಅಂತ ನೆಂಟರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದಾ? ನಮ್ಮ ಬೀದಿ ಹೀಗಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳುವ ನಾನೇ ಇನ್ನೊಂದು ಬೀದಿಗೆ ಹಾಗೆ ಮಾಡಿದಂತೆ ಆಗಲ್ವಾ?"

ಟೀಚರೇ,

ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ: ಆ ಸೈಟು ಬೇಡ. ಯಾಕೆ ಅನ್ನುವುದಕ್ಕೆ ನಮ್ಮ ಮನೆಯದೇ ಕಥೆ ಇದೆ.

2017ರಲ್ಲಿ ನಾನು, ನನ್ನ ತಮ್ಮ ಸೇರಿ ಕಾವೇರಿ ದಂಡೆಯ ಹತ್ತಿರ ಒಂದು ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದೆವು. ನೋಡಲು ಹೋಗಿದ್ದು ಫೆಬ್ರವರಿಯಲ್ಲಿ. ನೆಲ ಗಟ್ಟಿ, ಬಿಸಿಲು ಚೆನ್ನಾಗಿತ್ತು. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಸೈಟಿನ ನಂಬರ್ ಬರೆದಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಮಳೆ ಹೇಗೆ ಬಂತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದೆವು. ಪಕ್ಕದ ಮನೆಯ ಹಾಲ್ ಗೋಡೆಯಲ್ಲಿ ಸ್ವಿಚ್ ಬೋರ್ಡಿಗಿಂತ ಮೇಲೆ ಒಂದು ಕಂದು ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಆ ಮನೆಯಾಕೆ ಅಂಗಳದಲ್ಲಿ ಕೂತು ಮಕ್ಕಳ ಮಾರ್ಕ್ಸ್ ಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ ಕಲ್ಲಿನ ಮೇಲೆ ಒಣಗಲು ಹಾಕುತ್ತಿದ್ದರು. ನಾವು ಮಾತಾಡದೆ ವಾಪಸ್ ಬಂದೆವು. ಅಡ್ವಾನ್ಸ್ ಹೋಯಿತು, ಹೋಗಲಿ ಅಂತ ಬಿಟ್ಟೆವು. 2019ರಲ್ಲಿ ಮತ್ತೆ ನೀರು ಬಂತು.

ಅದು ಮೊದಲು ಗದ್ದೆ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಗದ್ದೆ ಅಂದರೆ ನೀರು ನಿಲ್ಲಲಿ ಅಂತ ಹಿರಿಯರು ಬಿಟ್ಟ ಜಾಗ. ಸುತ್ತಲಿನ ದಿಣ್ಣೆಯಿಂದ ಇಳಿದ ನೀರು ಅಲ್ಲಿ ನಿಂತು, ಬದುವಿನಿಂದ ಬದುವಿಗೆ ಇಳಿದು, ತೋಡು ಹಿಡಿದು ಹೊಳೆ ಸೇರುತ್ತಿತ್ತು. ಎರಡು ಅಡಿ ಮಣ್ಣು ತುಂಬಿಸಿ, ತೋಡನ್ನು ಒಂದಡಿ ಪೈಪಿಗೆ ಇಳಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು ಹೇಳಿ? ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆ ಇಲ್ಲ, ಇದು ಸಮತಟ್ಟು, ಭಯ ಇಲ್ಲ ಅಂತ ದಲ್ಲಾಳಿಗಳು ಹೇಳುತ್ತಾರೆ. ಆದರೆ ನಮ್ಮೂರಿಗೆ ನೀರು ಬರುವುದು ನಮ್ಮೂರ ಮಳೆಯಿಂದ ಅಲ್ಲ. ಕಾವೇರಿಯ ಮೇಲ್ಭಾಗದ ಭಾಗಮಂಡಲದಲ್ಲಿ ಸುರಿದದ್ದು ಇಲ್ಲಿಗೆ ಬರುತ್ತದೆ. ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಹೊಳೆಯೂ ಬಂದು ಸೇರುತ್ತದೆ.

ಇನ್ನು ಡಬಲ್ ಮಾತು. ನೀವು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಐದು ವರ್ಷಕ್ಕೆ ಎರಡರಷ್ಟು ಆಗಬೇಕಾದರೆ ಬೆಲೆ ವರ್ಷಕ್ಕೆ ನೂರಕ್ಕೆ ಸುಮಾರು 15ರಂತೆ ಏರಬೇಕು, ಒಂದು ವರ್ಷವೂ ತಪ್ಪದೆ. 25 ಲಕ್ಷಕ್ಕೆ ಬ್ಯಾಂಕಿನಲ್ಲಿ ನೂರಕ್ಕೆ 7 ಅಂತ ಹಿಡಿದರೂ ವರ್ಷಕ್ಕೆ 1.75 ಲಕ್ಷ ಕೈಗೆ ಬರುತ್ತದೆ. ಸೈಟು ಐದು ವರ್ಷ ಸುಮ್ನೆ ಬಿದ್ದಿದ್ದರೆ ಆ 8.75 ಲಕ್ಷ ಹೋದಂತೆ. ಮುದ್ರಾಂಕ ಶುಲ್ಕವೇ ನೂರಕ್ಕೆ 5, ಅದರ ಮೇಲೆ ನೋಂದಣಿ ಶುಲ್ಕ, ಬ್ರೋಕರ್ ಕಮಿಷನ್, ವರ್ಷ ವರ್ಷ ಕಂದಾಯ. ಇಷ್ಟೆಲ್ಲ ಸೇರಿಸಿದರೆ ಅದು 35 ಲಕ್ಷ ದಾಟಿ ಮಾರಾಟವಾದ ಮೇಲೆ ನಿಮಗೆ ಲಾಭ ಶುರು. ಯಜಮಾನರ ಆಸ್ಪತ್ರೆ ಖರ್ಚಿಗೆ ಅರ್ಧ ಸೈಟು ಮಾರಲು ಬರುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.48 ಲಕ್ಷ ಇತ್ತು. 2011ರಲ್ಲಿ 5.54 ಲಕ್ಷ. ಹತ್ತು ವರ್ಷದಲ್ಲಿ ಇಡೀ ಜಿಲ್ಲೆಗೆ ಹೆಚ್ಚಿದ್ದು ಆರು ಸಾವಿರ ಜನ. ಹಾಗಾದರೆ ಇಷ್ಟೊಂದು ಸೈಟು ಯಾರಿಗೆ? ಬೆಟ್ಟದ ಮಗ್ಗುಲಲ್ಲಿ ಮನೆ ಕಳೆದುಕೊಂಡು, ಹೆದರಿ, ಇಲ್ಲಿಗೆ ಇಳಿದು ಬಂದ ಕುಟುಂಬಗಳಿವೆ. ಅವರಿಗೆ ನಿಜಕ್ಕೂ ಜಾಗ ಬೇಕು. ಆದರೆ ರೇಟು ಏರಿಸಿದ್ದು ಅವರಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾಯಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲೇ ಕಾನೂನು ಬದಲಾಗಿತ್ತು. ದೂರದ ದುಡ್ಡು ಬಂದು ಕೂರಲು ಇಷ್ಟು ಸಾಕಾಯಿತು. ನಿಮ್ಮ ಬೀದಿಯ ಆ ಹನ್ನೊಂದು ಖಾಲಿ ಸೈಟು ಅಂಥ ದುಡ್ಡೇ. ಅದು ಅಲ್ಲಿ ಮಲಗಿರುವಷ್ಟು ದಿನ ಬೀದಿಗೆ ದೀಪ ಇಲ್ಲ, ಹಾಲಿನವನಿಗೆ ಹಾಲು ಹಾಕಲು ಮನೆ ಇಲ್ಲ, ರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಕೂಗಿ ಕರೆಯಲು ಪಕ್ಕದ ಮನೆ ಇಲ್ಲ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಕೊಂಡು ಬೀಗ ಹಾಕಿಟ್ಟರೆ ನಾವೂ ಅದನ್ನೇ ಮಾಡಿದಂತೆ. ಮಗಳು ಬಂದು ಇರುತ್ತಾಳೆ, ಮನೆ ಕಟ್ಟುತ್ತೇವೆ ಅನ್ನುವುದಾದರೆ ಮಾತು ಬೇರೆ. ಆಗ ನಿಮ್ಮನ್ನು ತಡೆಯುವವನು ನಾನಲ್ಲ. ಆದರೆ ದಿಣ್ಣೆಯ ಮೇಲಿನ ಜಾಗ ನೋಡಿ.

ಹಾಗೆ ಕೊಳ್ಳುವುದಾದರೆ ಕಾಗದದ ವಿಷಯ. ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಇ-ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ) ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಕರೆತಂದ ವಕೀಲರಿಗೆ ಬೇಡ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಹೊಸ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಲೇಬೇಕು. ನಂಬರ್ ಕೇಳಿ, ರೇರಾ ವೆಬ್‌ಸೈಟಿನಲ್ಲಿ ನೀವೇ ತೆಗೆದು ನೋಡಿ. "ಅಪ್ರೂವಲ್ ಬರ್ತಾ ಇದೆ" ಅಂದರೆ ಬಂದಿಲ್ಲ ಎಂದೇ ತಿಳಿಯಿರಿ. ಮಡಿಕೇರಿ, ವಿರಾಜಪೇಟೆ ಕಡೆ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಜಮ್ಮಾ ಬಾಣೆ (ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ತೋರಿಸಿದರೆ ಇನ್ನೂ ಹುಷಾರು. ದಾಖಲೆಯಲ್ಲಿ ಪಟ್ಟೆದಾರರ ಹೆಸರು ಒಂದೇ ಇದ್ದರೂ ಹಕ್ಕು ಇಡೀ ಒಕ್ಕದ್ದು, ಅಂದರೆ ಇಡೀ ಕೂಡು ಕುಟುಂಬದ್ದು. ಒಬ್ಬರ ಸಹಿ ತಪ್ಪಿದರೂ ನಾಳೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿದ ಜಾಗವಂತೂ ಬೇಡವೇ ಬೇಡ. 2018ರಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲದಲ್ಲಿ ಏನಾಯಿತು ಅಂತ ನಾವೆಲ್ಲ ಕಂಡಿದ್ದೇವೆ.

ನೆಂಟರು ಬಿಡುವ ಹಾಗೆ ಕಾಣುವುದಿಲ್ಲ. ಅವರಿಗೆ ಒಂದು ಮಾತು ಹೇಳಿ: ಕಕ್ಕಡದ ಮಳೆ ಹಿಡಿಯಲಿ, ಮೂರು ದಿನ ಬಿಡದೆ ಹೊಡೆದ ಮೇಲೆ ಎಲ್ಲರೂ ಛತ್ರಿ ಹಿಡಿದು ಆ ಸೈಟಿಗೆ ಹೋಗೋಣ. ನನಗೂ ಫೋನ್ ಮಾಡಿ, ಬರುತ್ತೇನೆ. ಅಕ್ಕಪಕ್ಕದ ಹಳೆಯ ಮನೆಯವರನ್ನು 2018ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳೋಣ. ಅವರು ಗೋಡೆ ಮೇಲೆ ಕೈ ಇಟ್ಟು ತೋರಿಸುತ್ತಾರೆ.

ಎದುರಿನ ಖಾಲಿ ಸೈಟುಗಳ ಹಾವಿಗೆ ಬೇಗ ಏನಾದರೂ ಮಾಡಬೇಕು. ಯಾವ ಸೈಟು ಯಾರದ್ದು ಅಂತ ಖಾತೆ ದಾಖಲೆಯಲ್ಲಿ ಇದ್ದೇ ಇರುತ್ತದೆ. ಕಾಡು ಕಡಿಸಲು ಮಾಲೀಕರಿಗೆ ನೋಟಿಸ್ ಕೊಡಿ ಅಂತ ಪುರಸಭೆಗೆ ಒಂದು ಅರ್ಜಿ ಬರೆಯಿರಿ. ಆ ಐದು ಮನೆಯವರ ಸಹಿಯನ್ನೂ ಹಾಕಿಸಿ. ಅವರಲ್ಲಿ ಇಬ್ಬರ ಹೆಸರೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ಸಹಿಗೆ ಹೋದಾಗ ಹೇಗೂ ಹೆಸರು ಕೇಳಬೇಕಾಗುತ್ತದೆ. ನಿಮ್ಮ ಹಿತ್ತಲಲ್ಲಿ ಮದ್ದು ಸೊಪ್ಪು ಇದ್ದರೆ ಒಂದೊಂದು ಕಟ್ಟು ಕೈಯಲ್ಲಿ ಹಿಡಿದು ಹೋಗಿ.

— ಸಂಪಾದಕ