ಪ್ರ: ಆರ್‌ಪಿಜಿ ಮೇಕರ್‌ (ಪಾತ್ರಗಳ ಬಲ ಏರುತ್ತಾ ಹೋಗುವ ವಿಡಿಯೋ ಗೇಮ್ ತಯಾರಿಸುವ ತಂತ್ರಾಂಶ) ಬಳಸಿ ಆಟ ಮಾಡ್ತಿದ್ದೀನಿ. ರಕ್ಷಣೆ 35 ಇರುವ ಬಾಸ್‌ಗೆ (ದೊಡ್ಡ ಶತ್ರುವಿಗೆ) ಮೊದಲು ಏಟೇ ತಾಗಲ್ಲ, ಎರಡು ಲೆವೆಲ್ ಏರಿದರೆ ಸಲೀಸಾಗಿ ಸಾಯುತ್ತೆ, ಯಾಕೆ?

ಉ: ತಪ್ಪು ಬಾಸ್‌ನದ್ದಲ್ಲ, ದಾಳಿಯಿಂದ ರಕ್ಷಣೆಯನ್ನು ಕಳೆದು ಪೆಟ್ಟು ಲೆಕ್ಕಹಾಕುವ ಸೂತ್ರದ್ದು. ಆರ್‌ಪಿಜಿ ಮೇಕರ್‌ನಲ್ಲಿ ಮೊದಲೇ ಇರುವ ಲೆಕ್ಕ: ದಾಳಿ × 4 − ರಕ್ಷಣೆ × 2. ನಿಮ್ಮ ಬಾಸ್‌ನ ರಕ್ಷಣೆ 35 ಅಂತೀರಲ್ಲ, ಹಾಗಾದರೆ ದಾಳಿ 17 ಇದ್ದರೆ ಪೆಟ್ಟು ಸೊನ್ನೆ, 20ಕ್ಕೆ 10, 25ಕ್ಕೆ 30. ಐದೇ ಅಂಕಕ್ಕೆ ಮೂರು ಪಟ್ಟು!

1986ರ ಡ್ರ್ಯಾಗನ್ ಕ್ವೆಸ್ಟ್ ಆಟದ ಸೂತ್ರ ಕೂಡ ಇದೇ ಜಾತಿಯದು: ದಾಳಿಯಿಂದ ಅರ್ಧ ರಕ್ಷಣೆ ಕಳೆದು, ಉಳಿದದ್ದರಲ್ಲಿ ಕಾಲು ಭಾಗದಿಂದ ಅರ್ಧದವರೆಗೆ. ಆ ಆಟ ನಡೆಯುತ್ತಿದ್ದ ನಿಂಟೆಂಡೊದ ಆಟದ ಯಂತ್ರ ಫ್ಯಾಮಿಕಾಮ್‌ನ ಪ್ರೊಸೆಸರ್‌ಗೆ ಗುಣಾಕಾರ, ಭಾಗಾಕಾರದ ಆದೇಶಗಳೇ ಇರಲಿಲ್ಲ. ಅರ್ಧ ಮಾಡುವುದು ಮಾತ್ರ ಬಿಟ್‌ಗಳನ್ನು (0, 1ರ ಅಂಕಿಗಳನ್ನು) ಒಂದು ಸ್ಥಾನ ಸರಿಸಿದಷ್ಟು ಸುಲಭ. ಹೊಸ ಕತ್ತಿ ಕೊಂಡ ಕೂಡಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುವುದೂ ಈ ಸೂತ್ರದಿಂದಲೇ. ಹಾಗಾಗಿ ಅದನ್ನು ಕಿತ್ತೆಸೆಯಲು ಅವಸರ ಬೇಡ.

ಮೊದಲು ಬಾಸ್ ಎದುರಾಗುವ ಹೊತ್ತಿಗೆ ಊರಿನ ಅಂಗಡಿಯ ಕತ್ತಿ ಹಿಡಿದ ನಾಯಕನ ದಾಳಿ ಎಷ್ಟೆಂದು ಬರೆದುಕೊಳ್ಳಿ. 25 ಆದರೆ ಬಾಸ್‌ನ ರಕ್ಷಣೆಯನ್ನು 20ರ ಆಸುಪಾಸಿಗೆ ಇಳಿಸಿ. ಆಗ ಪೆಟ್ಟು 60, ದಾಳಿ 20 ಇದ್ದವನಿಗೂ 40 ಸಿಗುತ್ತದೆ. ಕಷ್ಟ ಬೇಕಿದ್ದರೆ ಬಾಸ್‌ನ ಎಚ್‌ಪಿ (ಜೀವದ ಅಂಕಗಳು) ಏರಿಸಿ: ತಂಡ ಒಂದು ಸುತ್ತಿಗೆ ಒಟ್ಟು 150 ಕೊಟ್ಟು, ಕಾಳಗ 8 ಸುತ್ತು ನಡೆಯಬೇಕೆಂದರೆ 1200. ಮದ್ದು ಕುಡಿಯಲು, ಗುಣಪಡಿಸಲು ಹೋಗುವ ಸರದಿಗಳನ್ನು ಈ 150ರಲ್ಲಿ ಸೇರಿಸಬೇಡಿ; ಎಡವುವುದು ಹೆಚ್ಚಾಗಿ ಇಲ್ಲೇ.

ಇಷ್ಟಾದರೂ ಏರುಪೇರು ಜಾಸ್ತಿ ಅನ್ನಿಸಿದರೆ ದಾಳಿ × ದಾಳಿ ÷ (ದಾಳಿ + ರಕ್ಷಣೆ) ಹಾಕಿ. ರಕ್ಷಣೆ 35 ಇದ್ದಾಗ 17, 20, 25ರ ದಾಳಿಗೆ ಸುಮಾರು 5.5, 7, 10 ಬರುತ್ತದೆ. ಅಂಕಿಗಳು ಕುಗ್ಗುವುದರಿಂದ ಎಲ್ಲ ಶತ್ರುಗಳ ಎಚ್‌ಪಿ ಮತ್ತೆ ಕೂರಿಸಬೇಕು, ಅದೇ ದೊಡ್ಡ ತಲೆನೋವು.